ಮೊಗ್ಗಿನಲ್ಲೇ ಕೊಯ್ಯಬೇಕಿದ್ದ ಗುಲಾಬಿ

ತೊಂಬತ್ತರ ದಶಕದ ನಡುವಿನ ಮಾತು. ಅದಕ್ಕೂ ಸ್ವಲ್ಪ ಮುಂಚೆ ಇರಬಹುದು, ನಾನಾಗ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೆ ಎಂಬುದಷ್ಟೇ ಗಟ್ಟಿ. ಮೇಷ್ಟ್ರು ಬೋರ್ಡಿನ ಮೇಲೆ ರಫ್ತಿನ ಗೆರೆಯನ್ನು ಮೇಲಕ್ಕೆ ಎಳೆಯುತ್ತಿದ್ದ ಆ ವರ್ಷ ಬೆಂಗಳೂರಿನ ಅಂಚಿನ ಹೊರಮಾವಿನಲ್ಲಿ ನನ್ನ ಸೋದರಮಾವ ಹಾರಕ್ಕೆ ಕಟ್ಟುವ ಬಟನ್ ಗುಲಾಬಿಯ ಗಿಡಗಳನ್ನೆಲ್ಲ ಕೀಳಿಸಿದ. ರಸ್ತೆ ಪಕ್ಕದ ತುಂಡು ಜಮೀನು ಮಾರಿ, ಉಳಿದದ್ದರಲ್ಲಿ ಪ್ಲಾಸ್ಟಿಕ್ ಚಪ್ಪರ ಎಬ್ಬಿಸಿ, ಹೊರದೇಶಕ್ಕೆ ಹೋಗುವ ಉದ್ದ ಕಡ್ಡಿಯ ಗುಲಾಬಿ ಹಾಕಿದ. ಮೊದಲ ಕೊಯ್ಲು ರಫ್ತು ಕಂಪನಿಯವರಿಗೆ ಒಪ್ಪಿಗೆಯಾದರೆ ವರ್ಷವಿಡೀ ಕೊಳ್ಳುತ್ತಾರೆ. ಇಲ್ಲದಿದ್ದರೆ ಉಳಿದ ಜಮೀನೂ ಸೈಟು ಮಾಡಿ ಮಾರುವ ಲೇಔಟಿನವರ ಪಾಲು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನನಗೆ ಅನುಮಾನವಿತ್ತು. ಹಾಗೆಂದು ಮಾವನಿಗೆ ಹೇಳಿದ್ದೆ ಎಂದು ಈಗ ಅನ್ನಿಸುತ್ತದೆ. ಆಮೇಲೆ ಕಟ್ಟಿಕೊಂಡ ಮಾತೂ ಇರಬಹುದು.

ಮೊಗ್ಗು ಬಿಗಿಯಾಗಿರುವಾಗಲೇ ಕೊಯ್ಯಬೇಕೆಂದು ಕಂಪನಿಯವರು ಹೇಳಿ ಹೋಗಿದ್ದರು. ಆದರೆ ಕೊಯ್ಲು ಅತ್ತೆಯ ಕೆಲಸ. ಮದುವೆಯಾಗಿ ಬಂದಾಗಿನಿಂದ ಅವಳು ಹೂವು ಕೊಟ್ಟದ್ದು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ. ಅಲ್ಲಿ ಹಾರ ಕಟ್ಟುವವರು ಬುಟ್ಟಿಯ ತಳಕ್ಕೆ ಕೈ ಹಾಕಿ ಹೂವು ತೆಗೆದು ನೋಡುತ್ತಿದ್ದರು. ಮೊಗ್ಗು ಸಿಕ್ಕರೆ ಮೋಸವೆಂದು ಇಡೀ ಬುಟ್ಟಿ ವಾಪಸ್. ಅತ್ತೆಯ ಬುಟ್ಟಿ ಎಂದೂ ವಾಪಸಾಗಿರಲಿಲ್ಲ. ಹಾಗಾಗಿ ಹೂವು ಅರಳುವವರೆಗೆ ಕೊಯ್ಲನ್ನು ತಡೆದಳು.

“ಮೊದಲ್ನೇ ಸಲ ಕೊಡ್ತಿರೋದು. ಕಣ್ಣು ಬಿಡದೇ ಇರೋ ಹೂವ ಕೊಟ್ರೆ ನಮ್ಮನ್ನ ಏನಂದ್ಕೋತಾರೆ?”

ಅದೂ ಸರಿ ಎಂದ ಮಾವ.

ಕೊಯ್ಲಿನ ದಿನ ಬೆಳಿಗ್ಗೆ ಕಂಪನಿಯ ವ್ಯಾನು ಬಂತು. ಕಡ್ಡಿ ಸಮೇತ ಕೊಯ್ದಿಟ್ಟಿದ್ದ ಹೂವುಗಳೆಲ್ಲ ಅಂಗೈಯಗಲ ಅರಳಿದ್ದವು. ಕಂಪನಿಯ ಸೂಪರ್‌ವೈಸರ್ ಒಂದನ್ನು ಮೆಲ್ಲಗೆ ಅಲುಗಿಸಿದ.

“ಅಮ್ಮಾ, ಪ್ಲೇನ್ ಇಳಿಯೋ ಹೊತ್ತಿಗೆ ಇದು ಉದುರೋಗುತ್ತೆ. ಅಲ್ಲಿ ಯಾರು ತಗೋತಾರೆ?”

ಒರಟಾಗೇನೂ ಹೇಳಲಿಲ್ಲ. ಅತ್ತೆ ಕೊಟ್ಟ ಕಾಫಿ ಕುಡಿದೇ ಹೋದ. ವ್ಯಾನು ಖಾಲಿ ಹೋಯಿತು.

ಅಷ್ಟನ್ನೂ ಲಗೇಜ್ ಆಟೋದಲ್ಲಿ ತುಂಬಿಕೊಂಡು ನಾವು ಶಿವಾಜಿನಗರಕ್ಕೆ ಹೋದೆವು. ಮಾವನನ್ನು ಬಹಳ ಕಾಲದಿಂದ ಬಲ್ಲ ಹೂವಿನ ವ್ಯಾಪಾರಿ ನಕ್ಕ. “ಏನ್ ಯಜಮಾನ್ರೇ, ಹೂವು ತಂದ್ರಾ, ಪೊರಕೆ ತಂದ್ರಾ? ಕಡ್ಡಿ ಕತ್ತರಿಸ್ಕೊಡಿ, ತೂಕಕ್ಕೆ ಹಾಕೋಣ.”

ಮಾರುಕಟ್ಟೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾವ, ಅತ್ತೆ ಕತ್ತರಿಸತೊಡಗಿದರು. ಹೊರದೇಶದವರಿಗೆ ಬೇಕಿದ್ದದ್ದೇ ಕಡ್ಡಿಯ ಆ ಉದ್ದ. ಅದೀಗ ಇವರಿಬ್ಬರ ಕಾಲ ಬಳಿ ರಾಶಿಯಾಗುತ್ತಿತ್ತು. ಒಂದು ಹಸು ಬಂದು ಮೂಸಿ, ಮುಳ್ಳು ತಾಗಿ, ಹಿಂದೆ ಸರಿಯಿತು.

“ಎಲ್ಲಾ ಅರಳಿತ್ತಲ್ರೀ. ಒಂದೂ ಮೋಸ ಇರ್ಲಿಲ್ಲ,” ಎಂದಳು ಅತ್ತೆ. ಮಾವ ಇನ್ನೊಂದು ಕಡ್ಡಿ ಕತ್ತರಿಸಿದ.

ಆ ಮೆಟ್ಟಿಲನ್ನು ನೆನೆದಾಗಲೆಲ್ಲ ನನಗೆ ಗುಲಾಬಿಯ ಘಮ ಬರುತ್ತದೆ. ಆದರೆ ಆ ತಳಿಗೆ ವಾಸನೆಯೇ ಇರಲಿಲ್ಲ. ಹಾಗಾದರೆ ಈ ನೆನಪಿನಲ್ಲಿ ಇನ್ನೇನೇನು ನಾನೇ ಸೇರಿಸಿದ್ದೋ.

ಜಮೀನು ಹೋದದ್ದು ಮಾತ್ರ ನಿಜ. ಕಂಪನಿಯ ವ್ಯಾನು ಮತ್ತೆ ಬರಲಿಲ್ಲ. ಬೇಸಿಗೆಯಲ್ಲಿ ಲೇಔಟಿನವರು ಹರಿದ ಪ್ಲಾಸ್ಟಿಕ್ಕನ್ನು ಪೂರ್ತಿ ಬಿಚ್ಚುವ ಮುನ್ನವೇ ಗಡಿಕಲ್ಲು ನೆಟ್ಟರು. ಮೇಷ್ಟ್ರ ಗೆರೆ ಆಮೇಲೂ ಮೇಲಕ್ಕೇ ಹೋಯಿತು, ಅದೂ ಸುಳ್ಳಲ್ಲ. ಹೊಸ ಶತಮಾನದಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅದರ ಗೇಟಿನೆದುರು ಗಾಡಿಯವನಿಂದ ಪೂಜೆಗೆ ಹೂವು ಕೊಳ್ಳುವಾಗ ಅತ್ತೆ ಅವನ ಬುಟ್ಟಿಯ ತಳಕ್ಕೆ ಕೈ ಹಾಕುತ್ತಿದ್ದಳು.