ಮೊದಲ ಪ್ರಶ್ನೆ ಕೇಳುತ್ತಿದ್ದವರು

ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಹೀಟರನ್ನು ಚಳಿ ಶುರುವಾದ ಮೊದಲ ದಿನ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಧೂಳು ಸುಟ್ಟ ವಾಸನೆ. ಎರಡು ನಿಮಿಷ ಇರುತ್ತದೆ, ಆಮೇಲೆ ಹೋಗಿಬಿಡುತ್ತದೆ. ಮೊನ್ನೆ ನಾನು ಕೆಲಸ ಮಾಡುವ, ವಯಸ್ಸಾದವರ ರೆಸ್ಟ್ ಹೋಮ್‌ನ ಹಾಲ್‌ನಲ್ಲಿ ಯಾರೋ ಹಳೆಯ ಹೀಟರೊಂದನ್ನು ಹಚ್ಚಿದರು. ಔಷಧಿಯ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತೆ. ಸ್ಯಾಂಡ್ರಿಂಗಮ್ ರಸ್ತೆಯ ಪುಸ್ತಕದಂಗಡಿ, ಮಡಚುವ ಮರದ ಕುರ್ಚಿಗಳು, ಮೊದಲ ಸಾಲಿನ ತುದಿಯಲ್ಲಿ ಕಂದು ಸ್ವೆಟರ್ ಹಾಕಿಕೊಂಡು ಕೂತ ಅಂಕಲ್... ಎಲ್ಲ ಒಟ್ಟಿಗೆ ಬಂದವು. ಅವರನ್ನು ನೆನೆಯಬಾರದೆಂದು ನಾನೇನೂ ಹಟ ಹಿಡಿದಿರಲಿಲ್ಲ. ನೆನೆಯದಿರುವುದು ಸುಲಭವಾಗಿತ್ತು, ಇಷ್ಟು ವರ್ಷ ಸುಲಭವಾದದ್ದನ್ನೇ ಮಾಡಿಕೊಂಡು ಬಂದಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ಮೈಸೂರಿನಲ್ಲಿ ನರ್ಸಿಂಗ್ ಓದಿ ಈ ದೂರದ ದೇಶಕ್ಕೆ ಬಂದಿದ್ದೆ. ಇಲ್ಲಿನ ನೋಂದಣಿ ಆಗುವವರೆಗೆ ಮುದುಕರನ್ನು ಎತ್ತಿ ಕೂರಿಸುವ, ಹಾಸಿಗೆ ಬದಲಿಸುವ ಕೇರ್‌ಗಿವರ್ ಕೆಲಸ. ಅದೂ ರಾತ್ರಿ ಪಾಳಿ. ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯಲ್ಲಿ ಮೂವರು ಫ್ಲಾಟ್‌ಮೇಟ್‌ಗಳು. ಹಗಲು ಕಣ್ಣು ಮುಚ್ಚೋಣವೆಂದರೆ ಒಬ್ಬಳ ಮಿಕ್ಸಿ, ಇನ್ನೊಬ್ಬಳ ಫೋನು. ಆ ವರ್ಷಗಳಿಂದ ನನ್ನ ಹತ್ತಿರ ಉಳಿದಿರುವುದೆಂದರೆ ಮುಖ್ಯವಾಗಿ ಸುಸ್ತು. ಈ ದೇಶದ ಪರ್ಮನೆಂಟ್ ರೆಸಿಡೆನ್ಸಿ ಬರುವುದಕ್ಕೆ ಮೊದಲೇ ನಾನು ಸುಸ್ತಿನ ಖಾಯಂ ನಿವಾಸಿಯಾಗಿದ್ದೆ.

ಅಂಥವಳು ಲೇಖಕರ ಮಾತು ಕೇಳಲು ಹೋಗುತ್ತಿದ್ದೆ ಎಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಗಬಹುದು. ಆದರೆ ಮೊದಲ ಸಲ ನಾನು ಒಳಗೆ ಹೋದದ್ದು ಸಾಹಿತ್ಯಕ್ಕಾಗಿ ಅಲ್ಲ. ಕರಿಬೇವು ತರಲು ಸ್ಯಾಂಡ್ರಿಂಗಮ್‌ನಲ್ಲಿ ಬಸ್ಸಿಳಿದಿದ್ದೆ. ಮಳೆ ಹಿಡಿಯಿತು. ಪುಸ್ತಕದಂಗಡಿಯ ಸೂರಿನ ಕೆಳಗೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬಾಗಿಲು ತೆರೆದು ಒಬ್ಬ ಹಿರಿಯರು ತಲೆ ಹೊರಗೆ ಹಾಕಿದರು.

"ಕನ್ನಡದಾಕಿ ಏನ ನೀ? ಒಳಗ ಕುಂದ್ರ ಬಾ ತಂಗಿ. ಪುಕ್ಕಟೆ ಐತಿ. ಚಾ ಸೈತ ಕೊಡ್ತಾರ."

ಒಳಗೆ ಹದಿನೈದು ಕುರ್ಚಿ, ಎಂಟು ಜನ, ಒಂದು ಹೀಟರ್. ಯಾರೋ ತಮ್ಮ ಪುಸ್ತಕದಿಂದ ಓದುತ್ತಿದ್ದರು. ನನಗೆ ಬೆಚ್ಚಗಾಯಿತು, ಅಷ್ಟು ಸಾಕಿತ್ತು. ಅಂಗಡಿ ಬಿಳಿಗೂದಲಿನ, ಈ ದೇಶದವರೇ ಆದ ಒಬ್ಬ ಹೆಂಗಸಿನದು. ನಾನೂ ನನ್ನನ್ನು ಒಳಗೆ ಕರೆದ ಅಂಕಲ್ಲೂ ಅವರನ್ನು ಅಂಗಡಿಯಮ್ಮ ಎಂದೇ ಕರೆಯುತ್ತಿದ್ದೆವು, ಅವರಿಗೆ ಅದು ಗೊತ್ತಿರಲಿಲ್ಲ. ಗುರುವಾರ ಸಂಜೆ ಆರಕ್ಕೆ ಒಂದು ಕಾರ್ಯಕ್ರಮ, ಕೆಲವು ಭಾನುವಾರ ಮಧ್ಯಾಹ್ನವೂ ಇರುತ್ತಿತ್ತು. ಪಾಳಿಗೆ ಹೋಗುವ ಮುಂಚೆ ಅಲ್ಲಿ ಒಂದು ಗಂಟೆ ಕೂರುವುದು ನನಗೆ ಅಭ್ಯಾಸವಾಯಿತು.

ಅಂಕಲ್ ಗದಗಿನ ಕಡೆಯವರು. ಊರಲ್ಲಿ ಇಂಜಿನಿಯರ್ ಆಗಿದ್ದವರು, ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಅಂಚು ಸರಿಯಿದೆಯೇ ಎಂದು ನೋಡುವ ಕೆಲಸ ಮಾಡುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಬ್ರಿಸ್ಬೇನ್‌ನಲ್ಲಿದ್ದಳು. ತಲೆಯ ಮೇಲೆ ತಲೆ ಬಿದ್ದರೂ ಒಂದು ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ಲೇಖಕರು ಓದಿ ಮುಗಿಸಿ "ಏನಾದರೂ ಪ್ರಶ್ನೆಗಳಿವೆಯೇ" ಎನ್ನುತ್ತಿದ್ದಂತೆ ಎಲ್ಲರೂ ತಮ್ಮ ಮೊಣಕಾಲು ನೋಡಿಕೊಳ್ಳುತ್ತಾರಲ್ಲ, ಆ ಹೊತ್ತಿಗೆ ಇವರು ಎದ್ದು ನಿಲ್ಲುತ್ತಿದ್ದರು. ಕೇಳುತ್ತಿದ್ದ ಪ್ರಶ್ನೆಯೋ, ದೇವರಿಗೇ ಪ್ರೀತಿ. ಬರೆಯುವಾಗ ನಿಮಗೆ ಹಸಿವಾಗುತ್ತದೆಯೇ? ಪೆನ್ನು ಎಡಗೈಯಲ್ಲಿ ಹಿಡಿಯುತ್ತೀರೋ ಬಲಗೈಯಲ್ಲೋ? ನಿಮ್ಮ ನಾಯಿಗೆ ಈ ಪುಸ್ತಕ ಇಷ್ಟವಾಯಿತೇ?

ನಾನು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದೆ. ಆ ಕೋಣೆಯಲ್ಲಿ ಕಂದು ಚರ್ಮದವರು ನಾವಿಬ್ಬರೇ. ಇವರು ಹೀಗೆ ಎದ್ದು ನಿಂತು ನಮ್ಮೆಲ್ಲರ ಮರ್ಯಾದೆ ತೆಗೆಯುತ್ತಾರಲ್ಲ ಎಂದು ಸಿಟ್ಟೂ ಬರುತ್ತಿತ್ತು. ಒಂದು ಗುರುವಾರ ಅವರ ಕಾರಿನಲ್ಲಿ ಬರುವಾಗ ಬಾಯಿಬಿಟ್ಟು ಕೇಳಿಯೇಬಿಟ್ಟೆ. "ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇಷ್ಟೊಂದು ಓದಿಕೊಂಡಿದೀರ, ಯಾಕೆ ಅಂಥ ಪ್ರಶ್ನೆ ಕೇಳ್ತೀರ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. "ಮೊದಲನೇ ಪ್ರಶ್ನಿ ಕೇಳಾಂವ ಶಾಣ್ಯಾ ಇರಬಾರದು ನೋಡ್ ತಂಗಿ. ಶಾಣ್ಯಾ ಪ್ರಶ್ನಿ ಕೇಳಿದ್ರ ಉಳದಾವ್ರು ಬಾಯಿ ಮುಚ್ಕೊಂಡು ಕುಂದ್ರತಾರ. ದಡ್ಡ ಪ್ರಶ್ನಿ ಕೇಳಿದ್ರ, ಇಂವಗಿಂತಾ ನಾ ಛಲೋ ಕೇಳ್ತೀನಿ ಅಂತ ಹತ್ತು ಕೈ ಏಳತಾವ."

ಅಂಗಡಿಯಮ್ಮನಿಗೂ ಅವರಿಗೂ ನಡುವೆ ಮಾತಿಲ್ಲದ ಒಪ್ಪಂದ ಇದೆಯೆಂದು ನನಗೆ ಗೊತ್ತಾದದ್ದು ಆಗಲೇ. ಮೌನ ಶುರುವಾದೊಡನೆ ಆಕೆ ಕನ್ನಡಕ ಮೇಲೇರಿಸಿ ಇವರತ್ತ ನೋಡುತ್ತಿದ್ದರು, ಇವರು ಏಳುತ್ತಿದ್ದರು. ಒಮ್ಮೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ಮೊದಲ ಕವಿತೆಗಳನ್ನು ಓದಿದಳು. ಓದಿ ಮುಗಿಸಿ ನಿಂತಾಗ ಅವಳ ಮುಖ ಅಳುವ ಹಾಗಿತ್ತು. ಅಂಕಲ್ ಎದ್ದು, ಇವತ್ತು ಊಟ ಮಾಡಿದೆಯಾ ಮಗಳೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಊಟ ಮಾಡಿರಲಿಲ್ಲವಂತೆ. ಅಲ್ಲಿಂದ ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದುದನ್ನು ಹೇಳತೊಡಗಿದವಳು ಅರ್ಧ ಗಂಟೆ ನಿಲ್ಲಲಿಲ್ಲ. ಅಂಕಲ್ ಕೈ ಕಟ್ಟಿಕೊಂಡು ಕೂತಿದ್ದರು.

ಅವರೂ ಬರೆಯುತ್ತಾರೆಂದು ನನಗೆ ಒಂದು ವರ್ಷ ಗೊತ್ತಿರಲಿಲ್ಲ. ಇಲ್ಲಿಯವರು ಸ್ಮೋಕೋ ಎನ್ನುವ ಚಹಾ ಬಿಡುವಿನಲ್ಲಿ, ಕತ್ತರಿಸಿ ಬಿಸಾಡಿದ ರಟ್ಟಿನ ತುಂಡುಗಳ ಮೇಲೆ, ಪಾಳಿ ಕೆಲಸದವರ ಕಥೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದರಂತೆ. ಏಳು ಕಥೆಗಳಾದ ಮೇಲೆ ಧಾರವಾಡದ ಗೆಳೆಯರೊಬ್ಬರು ಪುಸ್ತಕ ಮಾಡಿ ಕಳಿಸಿದರು. ಅಂಗಡಿಯಮ್ಮ ಅದನ್ನು ತಿರುವಿ ತಿರುವಿ ನೋಡಿ, ಒಂದಕ್ಷರ ತಿಳಿಯದಿದ್ದರೂ, ಈಗ ನಿಮ್ಮ ಸರದಿ ಎಂದರು. ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಒಂದು ಭಾನುವಾರ, ಮೂರು ಗಂಟೆಗೆ. ಗಾಜಿನ ಮೇಲೆ ಕನ್ನಡ ಅಕ್ಷರದ ಪೋಸ್ಟರ್ ಅಂಟಿತು. ಅದನ್ನು ನೋಡಲೆಂದೇ ಅಂಕಲ್ ಕಾರು ಬಿಟ್ಟು ಬಸ್ಸಿನಲ್ಲಿ ಎರಡು ಸಲ ಆ ದಾರಿಯಲ್ಲಿ ಹೋಗಿ ಬಂದರೆಂದು ಅವರೇ ಹೇಳಿದರು.

ನನಗೊಂದು ಪ್ರತಿ ಕೊಟ್ಟರು. ಕೊಡುವಾಗ, ಯಾವತ್ತೂ ಏನನ್ನೂ ಕೇಳದ ಮನುಷ್ಯ, ಒಂದು ಕೇಳಿದರು.

"ನಮ್ಮ ಮಂದಿ ಪ್ರಶ್ನಿ ಕೇಳಂಗಿಲ್ಲ ತಂಗಿ. ಹಿರ್ಯಾರಿಗೆ ಕೇಳೂದಂದ್ರ ಪರೀಕ್ಷಾ ಮಾಡಿಧಂಗ ಅಂತ ತಿಳ್ಕೋತಾರ. ಮರ್ಯಾದಿ ಕೊಟ್ಟು ಕೊಟ್ಟು ಕೊಲ್ತಾರ. ಮೊದಲನೇದ್ದು ನೀ ಕೇಳಿಬಿಡು. ದಡ್ಡದ್ದ ಇರ್ಲಿ."

"ಖಂಡಿತ ಕೇಳ್ತೀನಿ ಅಂಕಲ್. ನೀವು ಯೋಚ್ನೇನೇ ಮಾಡ್ಬೇಡಿ," ಎಂದೆ.

ಅವರು ಹೇಳಿದ್ದು ನಿಜ. ನಮ್ಮ ಸಭೆಗಳಲ್ಲಿ ಪ್ರಾರ್ಥನೆ ಇರುತ್ತದೆ, ಸ್ವಾಗತ ಇರುತ್ತದೆ, ವಂದನಾರ್ಪಣೆ ಇರುತ್ತದೆ, ಉಪ್ಪಿಟ್ಟು ಇರುತ್ತದೆ. ಪ್ರಶ್ನೆ ಇರುವುದಿಲ್ಲ. ಮಾತಾಡಿದವರಿಗೆ ಚಪ್ಪಾಳೆ ತಟ್ಟಿ, ಕಾಲು ಮುಟ್ಟಿ ನಮಸ್ಕರಿಸಿ ಮನೆಗೆ ಹೋಗುತ್ತೇವೆ. ಅವರು ಏನು ಹೇಳಿದರೆಂದು ಕಾರಿನಲ್ಲಿ ಚರ್ಚಿಸುತ್ತೇವೆ.

ಪುಸ್ತಕ ಮೂರು ವಾರ ನನ್ನ ಚೀಲದಲ್ಲಿತ್ತು. ನಾಲ್ಕು ಪುಟ ಓದಿದ್ದೆ. ಅದೇ ನಾಲ್ಕು ಪುಟವನ್ನು ಐದಾರು ಸಲ ಓದಿದ್ದೆ, ಬಸ್ಸಿನಲ್ಲಿ, ಕಣ್ಣು ಎಳೆಯುತ್ತಿರುವಾಗ... ಶನಿವಾರ ರಾತ್ರಿಯ ಪಾಳಿ ಮುಗಿಯುವ ಹೊತ್ತಿಗೆ ಬೆಳಗಿನವಳು ಹುಷಾರಿಲ್ಲವೆಂದು ಫೋನ್ ಮಾಡಿದಳು. ನೀನೇ ನಿಲ್ಲುತ್ತೀಯಾ ಎಂದರು, ಆಗಲಿ ಎಂದೆ. ಇಲ್ಲ ಎನ್ನಲು ಬರದಿದ್ದುದು ಆ ಕಾಲದ ನನ್ನ ದೊಡ್ಡ ರೋಗ. ಎರಡು ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ, ಮೂರಕ್ಕೆ ಐದು ನಿಮಿಷ ಇರುವಾಗ ಅಂಗಡಿ ಮುಟ್ಟಿದೆ. ಮೊದಲ ಸಾಲಿನಲ್ಲಿ, ತಾವು ಯಾವಾಗಲೂ ಕೂರುತ್ತಿದ್ದ ಕುರ್ಚಿಯಲ್ಲಿ ಅಂಕಲ್ ನನ್ನನ್ನು ಕೂರಿಸಿದರು. ಹೀಟರ್ ಪಕ್ಕದಲ್ಲೇ ಇತ್ತು. ಅವರು ಓದಲು ಶುರು ಮಾಡಿದ್ದು ನೆನಪಿದೆ.

ಎಚ್ಚರವಾದಾಗ ಸುತ್ತ ಕುರ್ಚಿಗಳೆಲ್ಲ ಮಡಚಿ ಗೋಡೆಗೆ ಒರಗಿದ್ದವು. ನನ್ನದೊಂದೇ ಕೋಣೆಯ ನಡುವೆ ಉಳಿದಿತ್ತು. ಮೈಮೇಲೆ ಯಾರದೋ ಕೋಟು ಹೊದಿಸಿದ್ದರು. ಅಂಕಲ್ ಆಚೆ ನಿಂತು ಕಪ್ಪುಗಳನ್ನು ತೊಳೆಯುತ್ತಿದ್ದರು.

ನಡೆದದ್ದನ್ನು ಹೇಳಿದವರು ಅಂಗಡಿಯಮ್ಮ. ಇಪ್ಪತ್ತು ಜನ ನಮ್ಮವರು ಬಂದಿದ್ದರು. ಓದು ಮುಗಿಯಿತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಪ್ರಶ್ನೆಗಳೇನಾದರೂ ಇದ್ದರೆ ಎಂದು ಅಂಕಲ್ ಕೇಳಿದರಂತೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಯಾರೂ ಕೈಯೆತ್ತಲಿಲ್ಲ. ಅಂಗಡಿಯಮ್ಮ ಅಭ್ಯಾಸಬಲದಿಂದ ಕನ್ನಡಕ ಮೇಲೇರಿಸಿ ಮೊದಲ ಸಾಲಿನ ತುದಿಯ ಕುರ್ಚಿಯತ್ತ ನೋಡಿದರು. ಅಂಕಲ್ಲೂ ಅತ್ತಲೇ ನೋಡಿದರು. ಅಲ್ಲಿ ನಾನು ಬಾಯಿ ತೆರೆದುಕೊಂಡು ಮಲಗಿದ್ದೆ. ಹಿಂದಿನ ಸಾಲಿನವರೊಬ್ಬರು ನನ್ನನ್ನು ತಟ್ಟಿ ಎಬ್ಬಿಸಲು ಬಗ್ಗಿದಾಗ ಅಂಕಲ್ ಬೇಡವೆಂದು ಕೈಸನ್ನೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ವಂದನೆ ಹೇಳಿ ಸಭೆ ಮುಗಿಸಿದರಂತೆ. ಇಪ್ಪತ್ತು ಜನ ಬೆಕ್ಕಿನ ಹೆಜ್ಜೆಯಲ್ಲಿ ಚಹಾದ ಮೇಜಿಗೆ ಹೋದರಂತೆ. ಇಷ್ಟು ಹೇಳಿ ಅಂಗಡಿಯಮ್ಮ ನನ್ನ ಭುಜ ಮುಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಿನಲ್ಲಿ ನಾನು ಅತ್ತೆ. ಅಂಕಲ್ ತಮಾಷೆ ಮಾಡಿದರು. "ನನ್ನ ಕತಿ ಕೇಳಿ ಒಬ್ಬಾಕಿಗಾದ್ರೂ ಛಲೋ ನಿದ್ದಿ ಹತ್ತಿತು. ಗುಳಿಗಿ ಉಳೀತು ನೋಡ್." ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, ಸ್ಟಿಯರಿಂಗ್ ಮೇಲಿಂದ ಕೈ ತೆಗೆಯದೆ, ಮುಂದಕ್ಕೆ ನೋಡುತ್ತಲೇ ಕೇಳಿದರು.

"ಏನ್ ಕೇಳಬೇಕಂತ ಮಾಡಿದ್ದಿ ತಂಗಿ?"

ನಿಜ ಹೇಳಬೇಕೆಂದರೆ ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ಎಚ್ಚರವಾಗಿದ್ದರೂ ಇರುತ್ತಿರಲಿಲ್ಲ. ನಾಲ್ಕು ಪುಟ ಓದಿದವಳು ಏನು ಕೇಳಿಯೇನು? ನಿದ್ದೆಯ ತಪ್ಪನ್ನು ಯಾರಾದರೂ ಕ್ಷಮಿಸುತ್ತಾರೆ, ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹಾವೂ ಸಾಯದ ಕೋಲೂ ಮುರಿಯದ ಮಾತೊಂದನ್ನು ಆಡಿದೆ. "ಈಗ ತಲೆ ಓಡ್ತಿಲ್ಲ ಅಂಕಲ್. ಆಮೇಲೆ ಕೇಳ್ತೀನಿ."

"ಆತು. ನೆನಪಾದಾಗ ಕೇಳು," ಎಂದರು.

ಮುಂದಿನ ಗುರುವಾರ ಅವರು ಎಂದಿನಂತೆ ಬಂದರು, ಯಾರಿಗೋ ಎಂದಿನಂತೆ ದಡ್ಡ ಪ್ರಶ್ನೆ ಕೇಳಿದರು. ಒಂದು ಸಲವೂ ತಪ್ಪಿಸಲಿಲ್ಲ. ತಮ್ಮ ಪುಸ್ತಕದ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಆದರೆ ನನ್ನನ್ನು ಮನೆಗೆ ಬಿಟ್ಟಾಗಲೆಲ್ಲ, ನಾನು ಕಾರಿನ ಬಾಗಿಲು ತೆರೆದ ಮೇಲೆ, ಒಂದು ಕ್ಷಣ ಸುಮ್ಮನೆ ಕಾಯುತ್ತಿದ್ದರು. ನನಗೆ ಅದು ಗೊತ್ತಾಗುತ್ತಿತ್ತು. ಗೊತ್ತಾದ ಕಾರಣಕ್ಕೇ ಬೇಗ ಇಳಿದುಬಿಡುತ್ತಿದ್ದೆ. ಈ ವಾರ ಓದಬೇಕು ಎಂದುಕೊಳ್ಳುತ್ತಿದ್ದೆ, ಮುಂದಿನ ವಾರವೂ ಹಾಗೇ ಅಂದುಕೊಳ್ಳುತ್ತಿದ್ದೆ... ನೋಂದಣಿಯ ಪರೀಕ್ಷೆ ಬಂತು, ಮದುವೆ ಬಂತು, ಮಗು ಬಂತು. ಅವರು ಬ್ರಿಸ್ಬೇನಿಗೆ ಮಗಳ ಮನೆಗೆ ಹೋದರು. ವರ್ಷಕ್ಕೊಂದು ಫೋನು. ಅದರಲ್ಲೂ ಕೊನೆಯಲ್ಲಿ ಆ ಒಂದು ಕ್ಷಣದ ಬಿಡುವು ಇರುತ್ತಿತ್ತು, ನಾನು "ಇಡ್ತೀನಿ ಅಂಕಲ್" ಎನ್ನುತ್ತಿದ್ದೆ.

ಅವರು ತೀರಿಕೊಂಡ ಸುದ್ದಿಯನ್ನು ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಪ್ಪನ ಪುಸ್ತಕದಲ್ಲಿ ಏನಿದೆ ಎಂದು ಕೇಳಿದಳು. ಒಳ್ಳೆಯ ಕಥೆಗಳು ಎಂದೆ. ಆಗಲೂ ನಾನು ಓದಿರಲಿಲ್ಲ. ಅಂಗಡಿಯೂ ಈಗಿಲ್ಲ, ಆ ಜಾಗದಲ್ಲಿ ಮೊಬೈಲಿನ ಕವರ್‌ಗಳನ್ನು ಮಾರುತ್ತಾರೆ. ಅಂಗಡಿಯಮ್ಮ ಎಲ್ಲಿದ್ದಾರೋ ಗೊತ್ತಿಲ್ಲ.

ಮೊನ್ನೆ ಮನೆಗೆ ಬಂದವಳು ಕಪಾಟಿನಿಂದ ಪುಸ್ತಕ ತೆಗೆದೆ. ನಿನ್ನೆ ನನಗೆ ರಜೆ ಇತ್ತು. ಏಳೂ ಕಥೆಗಳನ್ನು ಒಂದೇ ಕೂತಲ್ಲಿ ಓದಿದೆ, ಎಲ್ಲ ಸೇರಿ ಮೂರು ಗಂಟೆಯೂ ಹಿಡಿಯಲಿಲ್ಲ. ಮೂರು ಗಂಟೆ! ಇಷ್ಟು ವರ್ಷ ಇಲ್ಲವೆಂದುಕೊಂಡಿದ್ದ ಪುರುಸೊತ್ತು ಅಷ್ಟೇ. ನನ್ನ ಮೇಲೆ ನನಗೇ ಎಷ್ಟು ಹೇಸಿಗೆಯಾಯಿತೆಂದರೆ ಸ್ವಲ್ಪ ಹೊತ್ತು ಎದ್ದು ಹಿತ್ತಲಲ್ಲಿ ಓಡಾಡಿದೆ.

ಕೊನೆಯ ಕಥೆಯಲ್ಲಿ ಕಾರ್ಖಾನೆಯಿಂದ ನಿವೃತ್ತನಾದ ಒಬ್ಬನಿದ್ದಾನೆ. ದಿನವೂ ಬೆಳಿಗ್ಗೆ ಎದ್ದು, ಊಟದ ಡಬ್ಬಿ ಕಟ್ಟಿಕೊಂಡು, ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಾನೆ. ಬಸ್ಸು ಬರುತ್ತದೆ, ಇವನು ಹತ್ತುವುದಿಲ್ಲ. ಡ್ರೈವರ್ ಕೈಬೀಸುತ್ತಾನೆ, ಇವನೂ ಬೀಸುತ್ತಾನೆ. ಬಸ್ಸು ಹೋದ ಮೇಲೆ ಬೆಂಚಿನ ಮೇಲೆ ಕೂತು ಡಬ್ಬಿ ತೆಗೆಯುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಅಂಕಲ್, ಆ ಡಬ್ಬಿಯಲ್ಲಿ ಏನಿತ್ತು?