ಹಿಂಬಾಗಿಲ ಗಾಜಿನ ಚಿಲಕಕ್ಕೆ ಮರದ ಬಳೆ

ಆ ಜೀಪಿನಂಥ ದೊಡ್ಡ ಗಾಡಿ ನಮ್ಮ ಮನೆಗೆ ಬಂದಾಗ ಅದಕ್ಕೆ ಆಗಲೇ ಹದಿನಾರು ವರ್ಷವಾಗಿತ್ತು. ಕನಕಪುರದ ಕಡೆಯ ಗುತ್ತಿಗೆದಾರರೊಬ್ಬರು ಓಡಿಸಿ ಸಾಕಾಗಿ ಬಿಟ್ಟದ್ದನ್ನು ನನ್ನ ಗಂಡ ಕೊಂಡು ತಂದಿದ್ದರು. ಚನ್ನಪಟ್ಟಣದ ನಮ್ಮ ಮನೆಯ ಹಿಂದೆ ತಗಡಿನ ಸೂರಿನ ಒಂದು ಕೋಣೆಯಿತ್ತು. ಅಲ್ಲಿ ನಾನು ಲೇತಿನ ಮೇಲೆ ಮರದ ಆಟಿಕೆಗಳನ್ನು ಕಡೆಯುತ್ತಿದ್ದೆ. ಅವರು ಅವನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಮಾಗಡಿ, ಕನಕಪುರ, ಮೈಸೂರಿನ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಲೇತಿನ ಕೆಲಸ ನನಗೆ ಅಪ್ಪನಿಂದ ಬಂದದ್ದು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದರು ಎಂದು ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ನನಗೊಬ್ಬ ಅಣ್ಣನಿದ್ದಾನೆ. ಅವನಿಗೆ ಉಳಿ ಒಗ್ಗಲಿಲ್ಲ, ನನಗೆ ಒಗ್ಗಿತು, ಅಷ್ಟೆ.

ಆ ಗಾಡಿಯಲ್ಲಿ ನಮಗೆ ಇಷ್ಟವಾಗಿದ್ದೇ ಹಿಂಬಾಗಿಲ ಗಾಜು. ಬಾಗಿಲು ತೆಗೆಯದೆಯೇ ಗಾಜನ್ನಷ್ಟೇ ಮೇಲಕ್ಕೆತ್ತಿ ಪೆಟ್ಟಿಗೆಗಳನ್ನು ಒಳಗೆ ಇಳಿಸಬಹುದಿತ್ತು. ಗುಂಡಿ ಒತ್ತಿದರೆ ಗಾಜು ಏಳಬೇಕು, ಇಳಿಸಿ ಅದುಮಿದರೆ ಚಿಲಕ ಟಕ್ಕನೆ ಕಚ್ಚಿಕೊಳ್ಳಬೇಕು. ಬಂದ ಎರಡನೆಯ ವರ್ಷದಿಂದ ಚಿಲಕ ಹಟ ಹಿಡಿಯಿತು. ಒಮ್ಮೊಮ್ಮೆ ಎಷ್ಟು ಒತ್ತಿದರೂ ಬಿಡುತ್ತಿರಲಿಲ್ಲ, ಒಮ್ಮೊಮ್ಮೆ ಬಿಟ್ಟರೆ ಮತ್ತೆ ಕಚ್ಚುತ್ತಿರಲಿಲ್ಲ. ಅಂಗೈಯಲ್ಲಿ ಗುದ್ದುವುದು, ಬೈಯುವುದು, ಕೊನೆಗೆ ಹಗ್ಗ ಕಟ್ಟುವುದು ನಮಗೆ ರೂಢಿಯಾಯಿತು.

ಒಂದು ಮಳೆಗಾಲದ ದಿನ ಅವರು ಕನಕಪುರದ ಅಂಗಡಿಗೆ ಹೊರಟಿದ್ದರು. ಸಾತನೂರು ದಾಟಿದ ಮೇಲೆ ಮಳೆ ಹಿಡಿದುಕೊಂಡಿತು. ರಸ್ತೆಯ ಒಂದು ಗುಂಡಿಗೆ ಗಾಡಿ ಎತ್ತಿಹಾಕಿದಾಗ ಹಗ್ಗ ಜಾರಿ ಗಾಜು ಮೇಲೆದ್ದದ್ದು ಮುಂದೆ ಕೂತಿದ್ದ ಅವರಿಗೆ ಗೊತ್ತೇ ಆಗಲಿಲ್ಲ. ಕನಕಪುರ ಮುಟ್ಟುವಷ್ಟರಲ್ಲಿ ಪೆಟ್ಟಿಗೆಗಳೆಲ್ಲ ನೆಂದು ಮುದ್ದೆಯಾಗಿದ್ದವು. ಅರಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಆದರೆ ಬಣ್ಣ ಹಾಕದ ಅಚ್ಚುಗಳು ನೀರು ಕುಡಿದು ಉಬ್ಬಿ, ಪುಟ್ಟ ಬಂಡಿಗಳ ಚಕ್ರ ಒಂದೂ ತಿರುಗುತ್ತಿರಲಿಲ್ಲ. ಅಂಗಡಿಯವರು ಎಲ್ಲವನ್ನೂ ವಾಪಸ್ಸು ಕಳಿಸಿದರು. ಹದಿನೈದು ದಿನದ ನನ್ನ ಕೆಲಸ ಪಡಸಾಲೆಯಲ್ಲಿ ಹರಡಿಕೊಂಡು ಒಣಗುತ್ತಿದ್ದುದನ್ನು ನೋಡಿ ನನಗೆ ಗಾಡಿಯ ಮೇಲಲ್ಲ, ಆ ಚಿಲಕದ ಮೇಲೆ ಸಿಟ್ಟು ಬಂತು.

ಮಾರನೆಯ ದಿನವೇ ಇಬ್ಬರೂ ರಾಮನಗರಕ್ಕೆ ಹೋದೆವು. ನಮ್ಮ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ವಯಸ್ಸಾದ ಸಾಬರು, ಸುಳ್ಳು ಹೇಳದ ಮನುಷ್ಯ. ಗುಂಡಿಯನ್ನು ನಾಲ್ಕು ಸಲ ಒತ್ತಿ ನೋಡಿ ತಲೆಯಾಡಿಸಿದರು.

"ಈ ಲಾಕು ಈಗ ಎಲ್ಲೂ ಸಿಗಕ್ಕಿಲ್ಲ ತಾಯಿ. ಹಳೇ ಗಾಡಿ ಒಡೆಯೋರ ತಾವ ಇಡೀ ಡೋರೇ ತರ್ಬೇಕು. ಅಲ್ಲೀಗಂಟ ಹಗ್ಗ ಕಟ್ಕಳಿ."

"ಒಳಗಡೆ ಏನ್ ಕೆಟ್ಟೈತೆ ಅಂತ ಬಿಚ್ಚಿ ನೋಡುದ್ರಾ ಸಾಬ್ರೇ?" ಎಂದೆ.

"ಬಿಚ್ಚಿ ಏನ್ ನೋಡೋದು? ಸಿಗ್ದೇ ಇರೋ ಸಾಮಾನು ಕೆಟ್ರೆ ಏನು, ಸವುದ್ರೆ ಏನು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಏನು ಕೆಟ್ಟಿದೆ ಎಂದು ನೋಡದೆ ಬಿಡುವುದು ನನ್ನ ಕೈಗೆ ಒಗ್ಗದ ವಿಷಯ. ಮನೆಗೆ ಬಂದವಳೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಕ್ರೂ ಡ್ರೈವರ್ ಹುಡುಕಿದೆ.

"ಬಿಚ್ಚೋದೇನೋ ಬಿಚ್ಚೀಯ. ಜೋಡ್ಸಕ್ಕೆ ಬರ್ದಿದ್ರೆ?" ಎಂದರು ಗಂಡ.

"ಈಗ್ಲೂ ಹಗ್ಗದಲ್ಲೇ ತಾನೆ ಕಟ್ಟಿರೋದು? ಆಗ್ಲೂ ಹಗ್ಗದಲ್ಲೇ ಕಟ್ಟನ ಬುಡ್ರಿ" ಎಂದೆ.

ಅವರು ನಕ್ಕು, ಗಾಜು ಬೀಳದಂತೆ ಎತ್ತಿ ಹಿಡಿದು ನಿಂತರು. ಬಾಗಿಲ ಒಳಗಿನ ಹಲಗೆ ಬಿಚ್ಚಿದಾಗ ಚಿಲಕ ಕಂಡಿತು. ವರ್ಷಗಟ್ಟಲೆಯ ಧೂಳು ಗ್ರೀಸಿನ ಜೊತೆ ಸೇರಿ ಮೇಣದಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ ಉಜ್ಜಿದೆ. ಕೊಕ್ಕೆ ಚೆನ್ನಾಗಿತ್ತು, ಸ್ಪ್ರಿಂಗೂ ಚೆನ್ನಾಗಿತ್ತು. ಆದರೂ ಕೊಕ್ಕೆ ಅರ್ಧಕ್ಕೇ ನಿಲ್ಲುತ್ತಿತ್ತು. ಕಣ್ಣಿಗೆ ಕಾಣಲಿಲ್ಲ. ಬೆರಳು ಒಳಗೆ ತೂರಿಸಿ ಗುಂಡಿಯನ್ನು ಮೆಲ್ಲಗೆ ಒತ್ತಿಸಿದೆ. ಆಗ ತಿಳಿಯಿತು. ಗುಂಡಿಯಿಂದ ಬರುವ ಕಂಬಿ ಕೊಕ್ಕೆಗೆ ಸೇರುವ ಕಡೆ ಒಂದು ಪ್ಲಾಸ್ಟಿಕ್ ಬಳೆ ಇರಬೇಕಿತ್ತು. ಅದು ಸೀಳಿ ಅರ್ಧವಷ್ಟೇ ಉಳಿದಿತ್ತು. ಹಿಡಿತವಿಲ್ಲದ ಕಂಬಿ ವಾಲಿಕೊಂಡು ಕೊಕ್ಕೆಗೆ ಅಡ್ಡ ಸಿಕ್ಕುತ್ತಿತ್ತು. ಇಡೀ ಚಿಲಕಕ್ಕೇ ರೋಗ ಅಂದುಕೊಂಡಿದ್ದೆವು, ಕಾಯಿಲೆ ಕಡಲೆಕಾಳಿನಷ್ಟು ಸಾಮಾನಿನಲ್ಲಿತ್ತು.

ಬೊಂಬೆಯ ಬಳೆಗಳನ್ನು ಇದಕ್ಕಿಂತ ಸಣ್ಣದಾಗಿ ಸಾವಿರ ಸಲ ಕಡೆದವಳು ನಾನು. ಮುರಿದ ಚೂರನ್ನು ಅಳೆದು, ಲೇತು ಹಾಕಿ, ಆಟಿಕೆ ಕಡೆಯುವ ಹಾಲೆ ಮರದಲ್ಲಿ ಒಂದು ಬಳೆ ತೆಗೆದೆ. ಕೂರಿಸಿ, ಗ್ರೀಸು ಹಚ್ಚಿ, ಗಾಜು ಅದುಮಿದಾಗ ಟಕ್ ಎಂದಿತು. ನಮ್ಮವರು ಹತ್ತು ಸಲ ತೆಗೆದು ಹಾಕಿ ಬೀದಿಯವರನ್ನೆಲ್ಲ ಕರೆದು ತೋರಿಸಿದರು.

ಎಂಟನೆಯ ದಿನ ಮತ್ತೆ ಚಿಲಕ ಸಿಕ್ಕಿಕೊಂಡಿತು.

ಆ ದಿನ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಬಿಚ್ಚಿ ನೋಡಿದರೆ ಬಳೆ ಜಜ್ಜಿ ನಾರುನಾರಾಗಿತ್ತು. ಹಾಲೆ ಮರ ಮೆದು, ಮಕ್ಕಳ ಕೈಗೆ ಒಳ್ಳೆಯದು. ಕಬ್ಬಿಣದ ಏಟಿಗೆ ಅದು ಎಲ್ಲಿ ತಡೆದೀತು? ಅಷ್ಟೂ ಯೋಚಿಸದೆ ಕೈಗೆ ಸಿಕ್ಕ ಮರ ಎತ್ತಿಕೊಂಡಿದ್ದೆ. ಗಂಡ ಹಿತ್ತಿಲಿಗೆ ಹೋಗಿ ಮುರಿದ ಗುದ್ದಲಿಯ ಕಾವೊಂದನ್ನು ತಂದು ನನ್ನ ಮುಂದಿಟ್ಟರು. ಜಾಲಿ ಮರದ್ದು.

"ಇದು ಗಟ್ಟಿ ಐತೆ. ಒಸಿ ನೋಡು" ಎಂದರು.

ಆ ಜಾಲಿ ನನ್ನ ಉಳಿಯ ಬಾಯಿಯನ್ನು ಮೂರು ಸಲ ಮುರಿಯಿತು. ಮೊದಲಿನ ಎರಡು ಬಳೆಗಳು ತೂತು ಕೊರೆಯುವಾಗಲೇ ಸೀಳಿಹೋದವು. ಮೂರನೆಯದಕ್ಕೆ ಲೇತಿನ ವೇಗ ತಗ್ಗಿಸಿ, ಉಸಿರು ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ತೆಗೆಯುತ್ತ ಹೋದೆ. ಎತ್ತಿನಗಾಡಿಯ ಅಚ್ಚಿಗೆ ಹಿರಿಯರು ಹರಳೆಣ್ಣೆ ಹಾಕುತ್ತಿದ್ದುದು ನೆನಪಾಗಿ, ಬಳೆಯನ್ನು ಎರಡು ದಿನ ಹರಳೆಣ್ಣೆಯಲ್ಲಿ ನೆನೆಹಾಕಿದೆ. ಎಣ್ಣೆ ಕುಡಿದು ಅದು ಕರಿಮಣಿಯ ಹಾಗೆ ಮಿರುಗಿತು. ಕೂರಿಸಿದ ಮೇಲೆ ಈ ಸಲ ಯಾರನ್ನೂ ಕರೆಯಬೇಡಿ ಎಂದೆ. ಇಬ್ಬರೇ ಗಾಡಿ ಹತ್ತಿ ದೊಡ್ಡಮಳೂರಿನಾಚೆಯ ಕಲ್ಲುದಾರಿಯಲ್ಲಿ ಕುಲುಕಾಡಿಸಿಕೊಂಡು ಬಂದೆವು. ಗಾಜು ಅಲುಗಲಿಲ್ಲ. ಒತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಎದ್ದಿತು.

ಆ ಮಳೆಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಬ್ರೇಕು ನೋಡಿಸಲು ರಾಮನಗರಕ್ಕೆ ಹೋದಾಗ ಸಾಬರು ಗಾಡಿಯ ಹಿಂದೆ ಬಂದು ಹಗ್ಗ ಹುಡುಕಿದರು. ಇರಲಿಲ್ಲ. ಗುಂಡಿ ಒತ್ತಿದರು, ಗಾಜು ಎದ್ದಿತು. ಅದುಮಿದರು, ಕಚ್ಚಿತು. ಮತ್ತೊಮ್ಮೆ, ಮಗದೊಮ್ಮೆ.

"ಡೋರು ಎಲ್ಲಿ ಸಿಗ್ತು ನಿಮ್ಗೆ?"

"ಡೋರು ಅದೇ ಸಾಬ್ರೇ. ಒಳಗಡೆ ಒಂದು ಬಳೆ ಹೊಸ್ದು" ಎಂದರು ನನ್ನ ಗಂಡ.

ಸಾಬರು ಹಲಗೆ ಬಿಚ್ಚಿ, ಕನ್ನಡಕ ಏರಿಸಿ, ಬ್ಯಾಟರಿ ಬಿಟ್ಟು ನೋಡಿದರು. "ಮರ! ಇದನ್ನ ಯಾವನು ಮಾಡ್ದ?"

"ಯಾವನೂ ಅಲ್ಲ. ಇವ್ಳು."

ನನ್ನ ಗಂಡ ಆ ಎರಡು ಮಾತು ಹೇಳಿದ ರೀತಿ ಇಂದಿಗೂ ನನ್ನ ಕಿವಿಯಲ್ಲಿದೆ. ಮದುವೆಯಲ್ಲಿ ಹಾಕಿದ ಒಡವೆಯನ್ನೂ ಅವರು ಅಷ್ಟು ಹೆಮ್ಮೆಯಿಂದ ನಾಲ್ಕು ಜನಕ್ಕೆ ತೋರಿಸಿರಲಿಲ್ಲ. ಸಾಬರು ಎದ್ದು ನಿಂತು, ಮಸಿ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ಸಿಗಕ್ಕಿಲ್ಲ ಅಂದ್ಬುಟ್ಟಿದ್ದೆ. ತಪ್ಪಾಯ್ತು ತಾಯಿ. ಮಾಗಡಿ ಮೇಷ್ಟ್ರುದು ಇದೇ ಗಾಡಿ ಐತೆ, ಅವ್ರೂ ಹಗ್ಗ ಕಟ್ಕಂಡೇ ಓಡಾಡ್ತಾವ್ರೆ. ಅವ್ರಿಗೂ ಒಂದು ಮಾಡ್ಕೊಡ್ತೀರಾ?"

ಬೊಂಬೆ ಕಡೆಯುವವಳೆಂದು ನನ್ನನ್ನು ಹೊಗಳಿದವರು ಬೇಕಾದಷ್ಟು ಜನ. ಆದರೆ ಕೈಕೆಲಸ ಬಲ್ಲ ಒಬ್ಬರು ಇನ್ನೊಬ್ಬರ ಕೈಯನ್ನು ಹಾಗೆ ಒಪ್ಪಿದ್ದು ಬೇರೆಯೇ. ಮಾಡಿಕೊಡುತ್ತೇನೆ ಎಂದೆ. ಮೇಷ್ಟರ ಚಿಲಕಕ್ಕೆ ಬಳೆ ಮಾಡಲು ಒಂದೇ ಬೆಳಗು ಸಾಕಾಯಿತು. ತೂತು ಕೊರೆಯುವಾಗ ಒಂದೂ ಸೀಳಲಿಲ್ಲ.