ಎರಡನೆಯ ಹೇಳಿಕೆಯ ದಿನ

ವಕೀಲಿ ಶುರುಮಾಡಿದ ಮೂರನೆಯ ವರ್ಷ ನಮ್ಮ ಸೀನಿಯರ್ ಒಂದು ಸೋಡಚೀಟಿಯ, ಅಂದರೆ ವಿಚ್ಛೇದನದ, ಕೇಸನ್ನು ಪೂರ್ತಿ ನನ್ನ ಕೈಗೆ ಬಿಟ್ಟರು. "ಗಂಡಾ ಹೆಂಡ್ತಿ ಇಬ್ಬರೂ ಒಪ್ಯಾರ. ವಾದ ಇಲ್ಲ, ಸಾಕ್ಷಿ ಇಲ್ಲ. ನೀವ ನಡಸ್ರಿ" ಎಂದರು. ಹೆಂಡತಿ ತೇರದಾಳದವಳು, ನನ್ನ ಕಕ್ಷಿದಾರಳು. ಗಂಡ ತುಬಚಿಯ ಒಕ್ಕಲುತನದ ಮನೆಯವನು. ಅವನಿಗೆ ಬೇರೆ ವಕೀಲರಿದ್ದರು. ನಾಲ್ಕು ವರ್ಷದ ಸಂಸಾರದಲ್ಲಿ ಇಬ್ಬರ ನಡುವೆ ಹೊಡೆದಾಟವಿರಲಿಲ್ಲ, ಮಾತೂ ಇರಲಿಲ್ಲ. ಅವಳು ತವರಿಗೆ ಬಂದು ಒಂದೂವರೆ ವರ್ಷವಾಗಿತ್ತು.

ಇಂಥ ಕೇಸಿನಲ್ಲಿ ಇಬ್ಬರೂ ಕೂಡಿ ಅರ್ಜಿ ಹಾಕಬೇಕು. ಆರು ತಿಂಗಳು ಬಿಟ್ಟು ಮತ್ತೆ ನ್ಯಾಯಾಧೀಶರ ಮುಂದೆ ನಿಂತು, ಒಪ್ಪಿಗೆ ಈಗಲೂ ಇದೆ ಎಂದು ಹೇಳಬೇಕು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಮನಸ್ಸು ಬದಲಿಸಿ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಈ ಕೊನೆಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಅದರ ಅಗತ್ಯ ಬೀಳುತ್ತದೆಂದು ಅನ್ನಿಸಿಯೇ ಇರಲಿಲ್ಲ.

ಎರಡನೆಯ ಹೇಳಿಕೆಗೆ ನಾಲ್ಕು ದಿನವಿದ್ದಾಗ ಅವಳ ಅಣ್ಣ ಜಮಖಂಡಿಯ ನಮ್ಮ ಆಫೀಸಿಗೆ ಒಬ್ಬನೇ ಬಂದ. ಸಭ್ಯ ಮನುಷ್ಯ, ಕುರ್ಚಿಯ ಅಂಚಿನಲ್ಲಿ ಕೂತು ಮಾತಾಡುತ್ತಿದ್ದ.

"ಈ ತಾರೀಖಿಗೆ ಮುಗೀತೈತಿಲ್ರಿ ಮೇಡಮ್ಮರ?"

"ಮುಗೀಬೇಕ್ರಿ. ಯಾಕ?"

"ಬೀಳಗಿಯ ಗಂಡಿನ ಕಡಿಯವರು ಕಾಯಾಕತ್ತಾರ್ರಿ. ಗಂಡಿನ ಮೊದಲಿನ ಹೆಂಡ್ತಿ ತೀರಿಕೊಂಡಾಳ, ಎರಡ ಮಕ್ಕಳದಾವ. ಮನಿತನ ಛಲೋ ಐತಿ. ಮುಂದಿನ ತಿಂಗಳ ಅಕ್ಕಿಕಾಳ ಹಾಕಿ ಮದವಿ ಮುಗಿಸಿಬಿಡೋಣಂತ."

"ನಿಮ್ಮ ತಂಗಿ ಏನಂತಾಳ?"

"ಆಕಿ ಏನಂತಾಳ್ರಿ? ನಾವು ಹೇಳಿದಂಗ."

ಅವನು ಹೋದ ಮೇಲೆ ಫೈಲು ತೆರೆದು ನೋಡಿದೆ. ಅರ್ಜಿಯ ಪ್ರತಿ ಪುಟದಲ್ಲೂ ಅವಳ ಸಹಿ ಇತ್ತು. ಒತ್ತಾಯವಿಲ್ಲದೆ ಸ್ವಂತ ಇಚ್ಛೆಯಿಂದ ಎಂಬ ಸಾಲನ್ನು ನಾನೇ ಟೈಪು ಮಾಡಿಸಿದ್ದೆ. ಆದರೆ ಆ ಆರು ತಿಂಗಳಲ್ಲಿ ಅವಳು ನನ್ನೊಡನೆ ಒಬ್ಬಳೇ ಕೂತದ್ದು ನೆನಪಾಗಲಿಲ್ಲ. ಪ್ರತಿಸಲ ಅಣ್ಣ ಪಕ್ಕದಲ್ಲಿದ್ದ. ನನ್ನ ಪ್ರಶ್ನೆಗಳಿಗೆ ಅವನೇ ಉತ್ತರ ಹೇಳಿದ್ದ, ಅವಳು ತಲೆಯಾಡಿಸಿದ್ದಳು. ಅದನ್ನೇ ಉತ್ತರವೆಂದು ಬರೆದುಕೊಂಡಿದ್ದೆ.

ಫೈಲಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಎತ್ತಿದ್ದು ಅಣ್ಣ. ಏನೋ ಒಂದು ನೆಪ ಹೇಳಿ ಇಟ್ಟೆ. ಮುಂದಿನ ದಿನಗಳಲ್ಲಿ ಅದೇ ಯೋಚನೆ. ಅವಳಿಗೆ ಗಂಡನ ಮನೆಗೆ ಹೋಗುವ ಮನಸ್ಸಿದ್ದು, ನಾನೇ ಮುಂದೆ ನಿಂತು ಅವಳನ್ನು ಬೀಳಗಿಗೆ ಸಾಗಿಸುತ್ತಿದ್ದೇನೆಯೇ? ಸೀನಿಯರ್ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಕೇಳಿಲ್ಲಂದ್ರ ಕೇಳ್ರಿ. ಇನ್ನೂ ತಡ ಆಗಿಲ್ಲ" ಎಂದಷ್ಟೇ ಹೇಳಿದರು.

ಹೇಳಿಕೆಯ ದಿನ ಮುಧೋಳದ ನನ್ನ ಮನೆಯಿಂದ ಜಮಖಂಡಿಗೆ ಹೊರಟ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿತ್ತು. ಕೋರ್ಟಿನ ಆವರಣಕ್ಕೆ ಬರುವಷ್ಟರಲ್ಲಿ ಅಣ್ಣತಂಗಿ ಬೇವಿನ ಗಿಡದ ಕೆಳಗೆ ನಿಂತಿದ್ದರು. "ಒಂದ ಸಹಿ ಉಳದೈತಿ, ನೀವ ಇಲ್ಲೇ ಇರ್ರಿ" ಎಂದು ಅಣ್ಣನಿಗೆ ಸುಳ್ಳು ಹೇಳಿ ಅವಳನ್ನು ಮಹಿಳಾ ವಕೀಲರ ಖೋಲಿಗೆ ಕರೆದೊಯ್ದು ಬಾಗಿಲು ಹಾಕಿದೆ.

"ನೋಡವಾ, ಇವತ್ತ ಸೈತ ಬ್ಯಾಡ ಅನ್ನಾಕ ಬರ್ತೈತಿ. ಬ್ಯಾಡ ಅಂದ್ರ ಕೇಸು ಅಲ್ಲಿಗೆ ನಿಂತೀತು. ಯಾರೂ ನಿನಗೇನೂ ಮಾಡಾಂಗಿಲ್ಲ. ಇದನ್ನ ಮೊದಲ ಹೇಳಬೇಕಿತ್ತು, ನಂದ ತಪ್ಪು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು. "ಒಳಗ ಅಣ್ಣ ಬರ್ತಾನೇನ್ರಿ?"

"ಬ್ಯಾಡಂದ್ರ ಬರಾಂಗಿಲ್ಲ."

"ಹೂಂನ್ರಿ" ಎಂದಳು. ಅಷ್ಟರಲ್ಲಿ ಹೊರಗೆ ನಮ್ಮ ಕೇಸು ಕೂಗಿದರು. ಆ ಹೂಂ ಯಾವುದಕ್ಕೆ ಎಂದು ಕೇಳುವಷ್ಟು ಹೊತ್ತು ಸಿಗಲಿಲ್ಲ.

ಇಬ್ಬರನ್ನೂ ಚೇಂಬರಿನಲ್ಲಿ ವಿಚಾರಿಸಬೇಕೆಂದು ನಾನು ಕೇಳಿಕೊಂಡೆ. ನ್ಯಾಯಾಧೀಶರು ಒಪ್ಪಿದರು. ಗಂಡನನ್ನು ಮೊದಲು ಕೇಳಿದರು. ಅವನು ನೆಲ ನೋಡುತ್ತ ಒಪ್ಪಿಗೆ ಎಂದ. ಆಮೇಲೆ ಇವಳ ಕಡೆ ತಿರುಗಿದರು. "ಅರ್ಜಿ ನಿಮ್ಮ ಮನಸ್ಸಿನಿಂದಲೇ ಹಾಕಿದ್ದಾ? ಯಾರ ಒತ್ತಾಯವಾದರೂ ಇದೆಯಾ?"

ಅವಳು ಮುಚ್ಚಿದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು.

"ಸೋಡಚೀಟಿ ನನಗ ಬೇಕ್ರಿ ಸಾಹೇಬ್ರ. ಸಹಿ ನಾನ ಮಾಡೇನಿ" ಎಂದಳು. "ಆದ್ರ ಇದು ಮುಗದ ಮ್ಯಾಲ ಅಣ್ಣನ ಸಂಗಟ ಹೋಗೂದಿಲ್ರಿ. ಬೀಳಗಿಗಂತೂ ಹೋಗಾಂಗೇ ಇಲ್ಲ."

"ಮತ್ತೆ ಎಲ್ಲಿಗೆ ಹೋಗ್ತೀರಿ?"

"ಬನಹಟ್ಟಿಗ್ರಿ. ನನ್ನ ಕೂಡ ಸಾಲಿ ಕಲತ ಗೆಳತಿ ಅದಾಳ, ಆಕಿ ಮನಿ ಹಿಂದ ಖೋಲಿ ಐತಿ. ಮಗ್ಗಕ್ಕ ನೂಲಿನ ಕಂಡಕಿ ಸುತ್ತಾಕ ಬರ್ತೈತ್ರಿ ನನಗ. ಮಾತಾಡಿ ಇಟ್ಟೇನಿ."

ನಾನು ನಾಲ್ಕು ದಿನ ಹೆದರಿದ್ದು ಬೇರೆ ಯಾವುದಕ್ಕೋ. ಅವಳಿಗೆ ಗಂಡ ಬೇಕೋ ಬೇಡವೋ ಎಂಬ ಸಂಶಯವೇ ಇರಲಿಲ್ಲ. ಇದ್ದದ್ದು ಕೋರ್ಟಿನ ಮೆಟ್ಟಿಲು ಇಳಿದ ಮೇಲಿನ ಹೆದರಿಕೆ. ಅದನ್ನು ನಾನು ಕೇಳಿಯೇ ಇರಲಿಲ್ಲ.

ನ್ಯಾಯಾಧೀಶರು ಅವಳ ಹೇಳಿಕೆ ಬರೆಸಿಕೊಂಡು ಸೋಡಚೀಟಿಗೆ ಆದೇಶ ಕೊಟ್ಟರು. ಆಮೇಲೆ ಅಣ್ಣನನ್ನು ಒಳಗೆ ಕರೆಸಿ, ಇವಳು ವಯಸ್ಸಿಗೆ ಬಂದವಳು, ಎಲ್ಲಿರಬೇಕು ಎಂಬುದು ಅವಳಿಗೇ ಬಿಟ್ಟದ್ದು, ಅಡ್ಡಿ ಮಾಡಬಾರದು ಎಂದು ಸಮಾಧಾನದಿಂದ ತಿಳಿಹೇಳಿದರು. ಅವನು ಕೈಮುಗಿದು ಹೂಂ ಎಂದ. ಹೊರಗೆ ಬಂದೊಡನೆ ನನ್ನತ್ತ ತಿರುಗಿದ.

"ನೀವ ಕಲಿಸಿ ಕೊಟ್ರಿ."

"ಇಲ್ರಿ, ನನಗೂ ಗೊತ್ತಿರಲಿಲ್ಲ" ಎಂದೆ. ನಿಜವನ್ನೇ ಹೇಳಿದೆ, ಅವನು ನಂಬಲಿಲ್ಲ. ತಂಗಿಯ ಮುಖ ನೋಡದೆ ಬೈಕು ಹತ್ತಿ ಹೋದ.

ನಾವಿಬ್ಬರೂ ಮಹಿಳಾ ವಕೀಲರ ಖೋಲಿಗೆ ಮರಳಿ ಒಂದು ತಾಸು ಕೂತೆವು. ಅವನು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರೆ ಎಂಬ ಭಯ ನಮ್ಮಿಬ್ಬರಿಗೂ ಇತ್ತು. ಬಾಗಿಲು ಬಡಿದ ಸದ್ದಿಗೆ ಅವಳು ಎದ್ದು ನಿಂತೇಬಿಟ್ಟಳು. ಬಂದವನು ಅವಳ ಗಂಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು.

"ಆಕಿ ಸಾಲಿ ಕಾಗದಾ, ಆಧಾರ ಕಾರ್ಡು. ಮನ್ಯಾಗ ಉಳದಿದ್ದವು" ಎಂದು ನನ್ನ ಕೈಗೆ ಕೊಟ್ಟ. ಹೊರಳುವಾಗ ಅವಳಿಗೆ, "ಬನಹಟ್ಟಿ ಬಸ್ಸ ಸ್ಟ್ಯಾಂಡಿಗೆ ಬಂದ ನಿಂತೈತಿ. ಅಲ್ಲಿ ನಿಮ್ಮಣ್ಣ ಇಲ್ಲ, ನೋಡಿ ಬಂದೇನಿ" ಎಂದ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ. ಮುಂದಿನ ಎರಡು ವಾರ ಫೋನು ಬಂದಾಗಲೆಲ್ಲ ಅವಳ ಸುದ್ದಿಯೇನೋ ಎಂದು ಓಡಿ ಎತ್ತುತ್ತಿದ್ದೆ. ಕೊನೆಗೊಮ್ಮೆ ಹೊಸ ನಂಬರಿನಿಂದ ಅವಳೇ ಮಾಡಿದಳು. ಹಿಂದೆ ಮಗ್ಗದ ಸದ್ದಿದ್ದುದರಿಂದ ಕೂಗಿ ಮಾತಾಡುತ್ತಿದ್ದಳು. ಕೋರ್ಟಿನ ಆದೇಶದ ನಕಲು ಯಾವಾಗ ಸಿಗುತ್ತದೆ ಎಂದು ಕೇಳಿದಳು. ಅಣ್ಣನ ಬಗ್ಗೆ ವಿಚಾರಿಸಿದೆ.

"ಮಾತ ಬಿಟ್ಟಾನ್ರಿ. ಅವನ ಹೆಂಡ್ತಿ, ನಮ್ಮ ವೈನಿ, ಕದ್ದು ಫೋನ ಮಾಡ್ತಾಳ" ಎಂದಳು.

ನಕಲು ತೆಗೆದುಕೊಳ್ಳಲು ಅವಳು ಒಬ್ಬಳೇ ಬಂದಳು. ಒಂದೊಂದು ಪುಟವನ್ನೂ ನಿಧಾನವಾಗಿ ಓದಿ, ತಿಳಿಯದ ಕಡೆ ಬೆರಳಿಟ್ಟು ನನ್ನನ್ನು ಕೇಳಿದಳು.